ಒಂದು ಗುಂಟೆ ನೆಲ, ಒಂದು ನೋಟ್‌ಬುಕ್: ಹೈಸ್ಕೂಲಿನಲ್ಲಿ ಕೃಷಿ ಪಾಠ

(ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕೃಷಿ ಕಾಲೇಜಿನಲ್ಲಿ ಓದಿದವನಲ್ಲ. ತುಮಕೂರು ಸೀಮೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನ, ಗಣಿತ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಕೊನೆಯ ಹದಿನೈದು ವರ್ಷ ಶಾಲೆಯ ಹಿಂದಿದ್ದ ಒಂದು ಗುಂಟೆ ಜಾಗದಲ್ಲಿ ಮಕ್ಕಳ ಜೊತೆ ಬೆಳೆ ಇಟ್ಟೆ. ಹಳೆಯ ವಿದ್ಯಾರ್ಥಿಗಳು ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕಾಗ ಮಾತು ತೆಗೆಯುವುದು ಆ ಒಂದು ಗುಂಟೆಯದನ್ನೇ. ಹಾಗಾಗಿ ಹೈಸ್ಕೂಲಿನಲ್ಲಿ ಕೃಷಿ ಪಾಠ ಹೇಗಿರಬೇಕು ಎಂಬ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ವರ್ಷ ಜೂನ್ ತಿಂಗಳಲ್ಲಿ ಎರಡು ಸಾಲು ಅವರೆ ಹಾಕಿದೆವು. ಒಂದು ಸಾಲಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಯ ಬೀಜ. ಇನ್ನೊಂದು ಸಾಲಿಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಅವನ ಅಜ್ಜಿ ಮಡಕೆಯಲ್ಲಿ ಇಟ್ಟಿದ್ದ ಊರ ಅವರೆ ತಂದುಕೊಟ್ಟ. ಒಂದೂವರೆ ತಿಂಗಳಿಗೆಲ್ಲ ಹೆಬ್ಬಾಳ ಅವರೆ ಹೂ ಬಿಟ್ಟಿತು. ಊರ ಅವರೆ ಬಳ್ಳಿ ಹಬ್ಬಿಸಿಕೊಂಡು ಬೇಲಿ ಏರಿತು, ಪಕ್ಕದ ನುಗ್ಗೆ ಮರಕ್ಕೂ ಏರಿತು, ಒಂದು ಹೂವೂ ಇಲ್ಲ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಬೀಜವೇ ಸರಿಯಿಲ್ಲ ಅಂತ ಉಳಿದ ಮಕ್ಕಳು ಅಂದರು. ಆ ಹುಡುಗ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ. ಒಂದು ದಿನ ಅವನ ಅಜ್ಜಿಯೇ ದಾರಿಯಲ್ಲಿ ಸಿಕ್ಕಿದರು. ಕೇಳಿದ್ದಕ್ಕೆ, "ಅದಕ್ಕೆ ಚಳಿ ಬೀಳ್ಬೇಕು ಮೇಷ್ಟ್ರೇ, ಈಗ್ಲೇ ಹೂ ಬಿಡು ಅಂದ್ರೆ ಬಿಟ್ಟಾತಾ" ಅಂದರು. ನವೆಂಬರ್ ಬಂತು. ಬೇಲಿ ತುಂಬ ಹೂವು.

ಅಜ್ಜಿ ಹೇಳಿದ ಕಾಲ ಸರಿ. ಕಾರಣ ಮಾತ್ರ ಚಳಿಗಿಂತ ಹೆಚ್ಚಾಗಿ ಬೆಳಕು. ಊರ ಅವರೆ ಹಗಲಿನ ಲೆಕ್ಕ ಇಡುವ ಗಿಡ. ಹಗಲು ಉದ್ದವಿರುವಷ್ಟು ದಿನ ಬಳ್ಳಿ ಬೆಳೆಸುತ್ತದೆ, ಹಗಲು ಮೋಟಾಗಿ ರಾತ್ರಿ ಉದ್ದವಾಗುತ್ತ ಬಂದಾಗ ಹೂ ಬಿಡುತ್ತದೆ. ನಮ್ಮ ಸೀಮೆಯಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಇದನ್ನು ನಾನು ಹೇಳಿಕೊಡಲಿಲ್ಲ. ಮಕ್ಕಳೇ ಪಂಚಾಂಗ ತಂದು ಸೂರ್ಯೋದಯ, ಸೂರ್ಯಾಸ್ತದ ಹೊತ್ತು ಬರೆದು ಕಳೆದು ಕಂಡುಕೊಂಡರು. ಹೆಬ್ಬಾಳದ ವಿಜ್ಞಾನಿಗಳು ಮಾಡಿದ್ದೇನೆಂದರೆ ಗಿಡ ಹಗಲಿನ ಉದ್ದಕ್ಕೆ ಕಾಯದ ಹಾಗೆ ತಳಿಯನ್ನು ಬೆಳೆಸಿದ್ದು. ಆದ್ದರಿಂದಲೇ ಈಗ ವರ್ಷವೆಲ್ಲ ಅವರೆಕಾಯಿ ಸಿಗುತ್ತದೆ, ಸೊಗಡಿನ ಅವರೆಗೆ ಮಾತ್ರ ಜನ ಇವತ್ತಿಗೂ ಡಿಸೆಂಬರ್, ಜನವರಿ ಅಂತ ಕಾಯುತ್ತಾರೆ. ಆ ಹುಡುಗ ಮರುವಾರ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಇದನ್ನು ಇಡೀ ಶಾಲೆಗೆ ವಿವರಿಸಿದ. ಅವನ ಅಜ್ಜಿಯ ಬೀಜ ಕೆಟ್ಟಿರಲಿಲ್ಲ ಅನ್ನುವುದು ಅವನಿಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು.

ಹೈಸ್ಕೂಲಿನ ಕೃಷಿ ಕೋರ್ಸು ಮಕ್ಕಳನ್ನು ರೈತರನ್ನಾಗಿ ಮಾಡುವುದಕ್ಕೆ ಎಂದು ನಾನು ನಂಬುವುದಿಲ್ಲ. ಹದಿನಾಲ್ಕು ವರ್ಷದ ಮಗುವಿನ ಹಣೆಬರಹ ನಾವು ಬರೆಯಬಾರದು. ಆದರೆ ನೆಲವನ್ನು ನೋಡುವುದು, ಅಳೆಯುವುದು, ಲೆಕ್ಕ ಬರೆಯುವುದು, ಬರೆದದ್ದನ್ನು ಹಿರಿಯರ ಮುಂದೆ ಇಟ್ಟು ಮಾತಾಡುವುದು, ಇಷ್ಟು ಕಲಿಯದೆ ಯಾವ ಹಳ್ಳಿಯ ಮಗುವೂ ಹತ್ತನೇ ತರಗತಿ ದಾಟಬಾರದು ಎಂದು ನಂಬುತ್ತೇನೆ. ಮುಂದೆ ಆ ಮಗು ಬೆಂಗಳೂರಿಗೆ ಹೋಗಲಿ, ಹೊಲಕ್ಕೇ ಹೋಗಲಿ.

ಇದೇನೂ ಹೊಸ ಆಸೆಯಲ್ಲ. ಮೈಸೂರು ಸಂಸ್ಥಾನದಲ್ಲಿ 1899ರಲ್ಲಿಯೇ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆ 30 ಎಕರೆ ನೆಲ ಕೊಟ್ಟರು. 1913ರಲ್ಲಿ ಅಲ್ಲೇ ಕೃಷಿ ಶಾಲೆ ಶುರುವಾಯಿತು. ಅದು ಬೆಳೆದು 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ಶಾಲೆ ಮೇಲಕ್ಕೆ ಬೆಳೆಯಿತು. ಕೆಳಗೆ, ಹೋಬಳಿಯ ಹೈಸ್ಕೂಲುಗಳಿಗೆ ಹರಡಲಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ನಯೀ ತಾಲೀಮ್ ಅಂದರು, ಕೈಕೆಲಸದ ಮೂಲಕವೇ ಓದು ಅಂದರು. 1952-53ರ ಮುದಲಿಯಾರ್ ಆಯೋಗ ಬಹೂದ್ದೇಶ ಹೈಸ್ಕೂಲುಗಳಲ್ಲಿ ಕೃಷಿಯೂ ಒಂದು ವಿಭಾಗವಾಗಿರಲಿ ಅಂದಿತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಅಂದಿತು. 1977ರಲ್ಲಿ ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ ಅನ್ನುವ ವಿಷಯ, ಬಂತು. ನಮ್ಮ ರಾಜ್ಯದಲ್ಲಿ ಪಿಯುಸಿ ಮಟ್ಟಕ್ಕೆ ಜೆಒಸಿ ಅನ್ನುವ ಉದ್ಯೋಗಾಧಾರಿತ ಕೋರ್ಸುಗಳಿದ್ದವು, ರೇಷ್ಮೆ ಕಲಿತ ಹುಡುಗರನ್ನು ನಾನೇ ಕಂಡಿದ್ದೇನೆ. ಅವೂ ಮುಚ್ಚಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿಗಳ ಪರಿಚಯ ಆಗಬೇಕು, ಬ್ಯಾಗ್ ಇಲ್ಲದ ಹತ್ತು ದಿನ ಇರಬೇಕು ಅನ್ನುತ್ತದೆ. ಅದೇ ದಸ್ತಾವೇಜಿನಲ್ಲಿ ಇನ್ನೊಂದು ಮಾತಿದೆ: ದೇಶದ ವಿಶ್ವವಿದ್ಯಾಲಯಗಳಲ್ಲಿ ಸುಮಾರು ಶೇ. 9 ಕೃಷಿಯವು, ಆದರೆ ಉನ್ನತ ಶಿಕ್ಷಣಕ್ಕೆ ಸೇರುವ ಒಟ್ಟು ಮಕ್ಕಳಲ್ಲಿ ಕೃಷಿ ಮತ್ತು ಅದರ ಜೊತೆಗಿನ ವಿಷಯ ಓದುವವರು ಶೇ. 1ಕ್ಕಿಂತ ಕಡಿಮೆ.

ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತು, ಹತ್ತಕ್ಕೆ ಕೃಷಿ ಒಂದು ಕೌಶಲ ವಿಷಯವಾಗಿದೆ. 50 ಅಂಕ ಬರೆಯುವುದಕ್ಕೆ, 50 ಮಾಡಿ ತೋರಿಸುವುದಕ್ಕೆ. ಭೋಪಾಲದ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆಯುವ ಬಗ್ಗೆಯೇ ಒಂಬತ್ತು, ಹತ್ತರ ಮಕ್ಕಳಿಗೆ ಪುಸ್ತಕ ಮಾಡಿದೆ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ತೃತೀಯ ಭಾಷೆಯ ಬದಲಿಗೆ ವೃತ್ತಿ ವಿಷಯ ತೆಗೆದುಕೊಳ್ಳಲು ಅವಕಾಶವಿದೆ. ನಾನು ಹೋಗಿ ನೋಡಿದ ಹಳ್ಳಿ ಶಾಲೆಗಳಲ್ಲಿ ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಕಂಡವು. ಅವೂ ಬೇಕು. ಆದರೆ ಶಾಲೆಯ ಕಾಂಪೌಂಡಿನಾಚೆ ನಾಲ್ಕೂ ದಿಕ್ಕಿಗೆ ರಾಗಿ ಹೊಲವಿದ್ದು ಒಳಗೆ ಕೃಷಿಯ ಒಂದು ಪಿರಿಯಡ್ ಇಲ್ಲದ್ದು ನನ್ನನ್ನು ಬಹಳ ನೋಯಿಸಿದೆ.

ಯೋಜನೆಗಳ ಹೆಸರು ಇಷ್ಟು ಸಾಕು. ಒಂದು ಗುಂಟೆಯಲ್ಲಿ ಏನೇನು ಕಲಿಸಬಹುದು ಅನ್ನುವುದಕ್ಕೆ ಬರುತ್ತೇನೆ, ನನಗೆ ಹೇಳಬೇಕಿರುವುದು ಅದು.

ಮೊದಲು ಗುಂಟೆಯನ್ನೇ ಅಳೆಯಿರಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಎಂಟನೇ ತರಗತಿಯಲ್ಲಿ ವರ್ಗಮೂಲ ಹೇಳಿಕೊಡುತ್ತೇವಲ್ಲ, 1,089ರ ವರ್ಗಮೂಲ 33. ಹಗ್ಗ ಹಿಡಿದು ನಾಲ್ಕು ಕಡೆ 33 ಅಡಿ ಎಳೆದು ಗೂಟ ಹೊಡೆದರೆ ಒಂದು ಗುಂಟೆ. ಮೂಲೆ ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ ಹಗ್ಗದಲ್ಲಿ 3, 4, 5 ಅಡಿಯ ತ್ರಿಕೋನ ಮಾಡಬೇಕು, ಪೈಥಾಗೊರಸ್ ಅಲ್ಲೇ ಬಂದ. ಆಮೇಲೆ ಪ್ರತಿ ಮಗುವೂ ಮನೆಯಿಂದ ಪಹಣಿಯ ಒಂದು ಜೆರಾಕ್ಸ್ ತರಲಿ. ಅದರಲ್ಲಿ 2.20 ಅಂತ ಇರುತ್ತದೆ. ಹತ್ತರಲ್ಲಿ ಎಂಟು ಮಕ್ಕಳು ಅದನ್ನು ದಶಮಾಂಶ ಅಂತ ಓದುತ್ತಾರೆ, ಎರಡು ಎಕರೆಗೆ ಸ್ವಲ್ಪ ಮೇಲೆ ಅಂದುಕೊಳ್ಳುತ್ತಾರೆ. ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ ನಲವತ್ತು ಗುಂಟೆ ಅನ್ನುವುದು ಅಪ್ಪಂದಿರಿಗೆಲ್ಲ ಗೊತ್ತು, ಕಾಗದ ಓದುವುದು ಮಕ್ಕಳಿಗೆ ಗೊತ್ತು. ಎರಡೂ ಒಂದೇ ತಲೆಯಲ್ಲಿ ಇದ್ದರೆ ನಾಳೆ ಭಾಗ ಆಗುವಾಗ, ಸಾಲ ತೆಗೆಯುವಾಗ, ಬೆಳೆ ವಿಮೆ ತುಂಬುವಾಗ ಯಾರೂ ಅವರಿಗೆ ಮೋಸ ಮಾಡಲಾರರು. ಖರಾಬು ಅಂದರೆ ಏನು, ಪಹಣಿಯಲ್ಲಿ ಅಮ್ಮನ ಹೆಸರು ಯಾಕಿಲ್ಲ, ಇವೂ ಅಲ್ಲೇ ಹುಟ್ಟುವ ಪ್ರಶ್ನೆಗಳು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಅದನ್ನು ಎಕರೆ, ಗುಂಟೆಗೆ ಇಳಿಸಿ ಅಂದರೆ ಮಕ್ಕಳು 2 ಎಕರೆ 27 ಗುಂಟೆ ಅನ್ನುತ್ತಾರೆ. ಆಗ ಆ ಅಂಕಿ ಅವರ ಮನೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದಿಷ್ಟು ಗೊತ್ತಿದ್ದರೆ ಸಾಕು. ಒಂದು ಗುಂಟೆ ಸುಮಾರು 101 ಚದರ ಮೀಟರ್, 20 ಮಿ.ಮೀ. ಹದಮಳೆ ಬಿದ್ದರೆ ನಮ್ಮ ಪುಟ್ಟ ಜಾಗಕ್ಕೇ ಎರಡು ಸಾವಿರ ಲೀಟರ್ ಬಿತ್ತು ಅಂತ. ಪ್ಲಾಸ್ಟಿಕ್ ಬಾಟಲಿ ಕೊಯ್ದು ಮಾಡಿದ ಮಳೆಮಾಪಕದಲ್ಲಿ ಮಕ್ಕಳು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುತ್ತಿದ್ದರು. ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಸಿದೆ. ಆರಿದ್ರ ಮಳೆ ಆದರೆ ದಾರಿದ್ರ್ಯ ಇಲ್ಲ ಅನ್ನುತ್ತಾರಲ್ಲ, ಅದು ನಮ್ಮೂರಿಗೆ ಎಷ್ಟು ಸರಿ? ಐದು ವರ್ಷದ ನೋಟ್‌ಬುಕ್ ಇದ್ದರೆ ಮಕ್ಕಳೇ ಹೇಳಬಹುದು. ಹಿರಿಯರ ಮಾತನ್ನು ಮೂಢನಂಬಿಕೆ ಅಂತ ತಳ್ಳುವುದೂ ಬೇಡ, ಪೂಜೆ ಮಾಡುವುದೂ ಬೇಡ. ಅಳೆದು ನೋಡೋಣ.

ಬೀಜ. ನೂರು ಕಾಳು ಎಣಿಸಿ ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿಡಿ. ರಾಗಿಯಾದರೆ ವಾರದೊಳಗೆ ಎಷ್ಟು ಮೊಳೆತವು ಎಣಿಸಬಹುದು. ಪ್ರಮಾಣೀಕೃತ ರಾಗಿ ಬೀಜಕ್ಕೆ ಕನಿಷ್ಠ ಶೇ. 75 ಮೊಳಕೆ ಇರಬೇಕು, ಭತ್ತಕ್ಕೆ ಶೇ. 80, ಸೋಯಾಬೀನ್‌ಗೆ ಶೇ. 70. ಅಂಗಡಿಯ ಚೀಲದ ಮೇಲೆ ಅಂಟಿಸಿದ ಚೀಟಿಯಲ್ಲಿ ಇದೆಲ್ಲ ಬರೆದಿರುತ್ತದೆ, ಓದುವವರು ಬೇಕು. ಒಂದು ಸಲ ಮಕ್ಕಳು ಮನೆಗೆ ತಂದಿದ್ದ ಬೀಜವನ್ನು ಹೀಗೆ ನೋಡಿದಾಗ ನೂರರಲ್ಲಿ ನಲವತ್ತೂ ಹುಟ್ಟಲಿಲ್ಲ. ಬಿತ್ತನೆಗೆ ಇನ್ನೂ ಹತ್ತು ದಿನ ಇತ್ತು, ಆ ಮನೆಯವರು ಬೇರೆ ಬೀಜ ತಂದರು. ಒಂದು ಚೂರು ಗೋಣಿ, ನೂರು ಕಾಳು ಮತ್ತು ಎಣಿಸುವ ಒಂದು ಮಗು ಇದ್ದಿದ್ದಕ್ಕೆ ಒಂದು ಮನೆಯ ಒಂದು ವರ್ಷ ಉಳಿಯಿತು.

ಇನ್ನು ರಸಾಯನಶಾಸ್ತ್ರ. ಹತ್ತನೇ ತರಗತಿಯಲ್ಲಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸುವ ಪ್ರಯೋಗ ಎಲ್ಲ ಶಾಲೆಯಲ್ಲೂ ಮಾಡಿಸುತ್ತೇವೆ. ನೀಲಿ ಬಣ್ಣ ಮಾಸುತ್ತದೆ, ಮೊಳೆಯ ಮೇಲೆ ಕೆಂಪುಕಂದು ಲೇಪ ಕೂರುತ್ತದೆ, ಸಮೀಕರಣ ಬರೆದು ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ತಾಮ್ರದ ಸಲ್ಫೇಟೇ ಮೈಲುತುತ್ತ. ಮಲೆನಾಡಿನ ಅಡಿಕೆ ತೋಟದವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಬಿಡಿ ತಾಮ್ರ ಉಳಿದು ಎಳೆಯ ಭಾಗಗಳನ್ನು ಸುಡುತ್ತದೆ. ಹದ ಸರಿಯಾಗಿದೆಯೇ ಅಂತ ನೋಡಲು ತೋಟದವರು ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿ ಕೆಂಪಾದರೆ ಇನ್ನಷ್ಟು ಸುಣ್ಣ. ನಮ್ಮ ಪ್ರಯೋಗಶಾಲೆಯ ಮೊಳೆ ಮತ್ತು ಅವರ ಕತ್ತಿ ಒಂದೇ ಪಾಠ! ಕೊಳೆರೋಗಕ್ಕೆ ಈ ದ್ರಾವಣ ಸಿಂಪಡಿಸುವುದನ್ನು ನಮ್ಮ ನಾಡಿನಲ್ಲಿ ರೂಢಿಗೆ ತಂದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾಗಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ ಅಡಿಪಾಯ ಹಾಕಿದರು. ಸಾಗರ, ಶೃಂಗೇರಿ, ಶಿರಸಿಯ ಹೈಸ್ಕೂಲು ಮೇಷ್ಟ್ರುಗಳಿಗೆ ನನ್ನ ಒಂದು ಬಿನ್ನಹ: ಮೊಳೆಯ ಪಾಠವನ್ನು ಜೂನ್ ತಿಂಗಳಿಗೆ ಎತ್ತಿಟ್ಟುಕೊಳ್ಳಿ, ಮನೆಯಲ್ಲಿ ಔಷಧಿ ಹೊಡೆಯುವ ಕಾಲಕ್ಕೆ. ಮಕ್ಕಳಿಂದ ಔಷಧಿ ಹೊಡೆಸಬೇಡಿ, ಅದು ದೊಡ್ಡವರ ಕೆಲಸ. ಹದ ನೋಡಿ ಹೇಳುವುದು ಮಕ್ಕಳ ಕೆಲಸವಾಗಲಿ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಣ್ಣು ಪರೀಕ್ಷೆಯನ್ನು ಶಾಲೆಗಳಿಗೆ ತರುವ ಕೇಂದ್ರದ ಯೋಜನೆ ಈಚೆಗೆ ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿದೆ, ಸಂತೋಷ. ಯಂತ್ರ ಇಲ್ಲದ ಶಾಲೆಯೂ ಮಾದರಿ ತೆಗೆಯುವುದನ್ನು ಕಲಿಸಬಹುದು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಆರಿಂಚು ಅಗೆದು, ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡನ್ನು ಬಿಟ್ಟು, ಹೀಗೆ ಅರ್ಧ ಕಿಲೋಗೆ ಇಳಿಸುವುದು. ಬದುವಿನ ಹತ್ತಿರ, ತಿಪ್ಪೆಯ ಹತ್ತಿರ ತೆಗೆಯಬಾರದು. ಯಾಕೆ ಬಾರದು ಅಂತ ಕೇಳಿ. ಮಾದರಿ ಅಂದರೇನು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಇದೇ ಈ ಕೋರ್ಸಿನ ಎದೆಗೂಡು ಅಂತ ನನ್ನ ನಂಬಿಕೆ.

ಒಂಬತ್ತನೆಯವರಿಗೆ ಪ್ರತಿವರ್ಷ ಒಂದು ಕೆಲಸ ಕೊಡುತ್ತಿದ್ದೆ. ಮನೆಯ ಒಂದು ಬೆಳೆಯನ್ನು ಉಳುಮೆಯಿಂದ ಒಕ್ಕಣೆವರೆಗೆ ಹಿಂಬಾಲಿಸಿ ಖರ್ಚು, ಆದಾಯ ಬರೆಯಬೇಕು. ಟ್ರ್ಯಾಕ್ಟರ್ ಬಾಡಿಗೆ, ಬೀಜ, ಯೂರಿಯಾ, ಕಳೆ ತೆಗೆದ ಕೂಲಿ, ಕೊಯ್ಲು. ಯೂರಿಯಾ ಮೂಟೆ 45 ಕಿಲೋ, ಅದರಲ್ಲಿ ಶೇ. 46 ಸಾರಜನಕ, ಹಾಗಾದರೆ ಮೂಟೆಯಲ್ಲಿ ನಿಜವಾದ ಸಾರಜನಕ ಎಷ್ಟು ಅಂತ ನಡುವೆ ಒಂದು ಲೆಕ್ಕ. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಅಮ್ಮನ ಕೂಲಿ ಬರೀಬೇಕಾ?"

ತರಗತಿ ಸುಮ್ಮನಾಯಿತು. ಅಪ್ಪ ಟ್ರ್ಯಾಕ್ಟರಿಗೆ ಕೊಟ್ಟ ದುಡ್ಡು ಪುಸ್ತಕದಲ್ಲಿದೆ. ಅಮ್ಮ ಹನ್ನೊಂದು ದಿನ ಬಗ್ಗಿ ಕಳೆ ಕಿತ್ತದ್ದು ಎಲ್ಲೂ ಇಲ್ಲ. ಬರಿ ಅಂದೆ. ಊರಿನಲ್ಲಿ ಹೆಣ್ಣಾಳಿಗೆ ನಡೆಯುತ್ತಿದ್ದ ಕೂಲಿಯನ್ನೇ ಹಾಕಿದಳು. ಅಪ್ಪನ ದಿನಗಳನ್ನೂ ಹಾಕಿದಳು. ಲಾಭ ಅಂತ ಕಂಡಿದ್ದ ರಾಗಿ ನಷ್ಟಕ್ಕೆ ಬಂತು. ನಾಲ್ಕು ದಿನ ಬಿಟ್ಟು ಅವಳ ಅಪ್ಪ ಶಾಲೆಗೆ ಬಂದರು. ಜಗಳಕ್ಕೆ ಬಂದರೇನೋ ಅಂದುಕೊಂಡೆ. ಅವರು ಬೆಂಚಿನ ಮೇಲೆ ಕೂತು, "ಲೆಕ್ಕ ಎಲ್ಲಾ ಸರಿಯಾಗೇ ಬರ್ದವ್ಳೆ ಸಾ. ಆದ್ರೆ ಹುಲ್ಲು ಬಿಟ್ಟವ್ಳೆ" ಅಂದರು. ಹೌದು, ರಾಗಿ ಹುಲ್ಲು! ಎರಡು ಹಸು ಆ ಹುಲ್ಲಿನ ಮೇಲೆ ಬೇಸಿಗೆ ಕಳೆಯುತ್ತವೆ. ಮೆದೆಯ ಬೆಲೆ ಸೇರಿಸಿದರೆ ಲೆಕ್ಕ ಮತ್ತೆ ಸ್ವಲ್ಪ ಮೇಲೆ ಬಂತು. ಮಗಳು ಅಪ್ಪನಿಗೆ ಒಂದು ತೋರಿಸಿದಳು, ಅಪ್ಪ ಮಗಳಿಗೆ ಒಂದು ತೋರಿಸಿದರು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಒಳ್ಳೆಯ ಪಾಠ ನಾನು ನೋಡಿಲ್ಲ.

ಆ ಹುಡುಗಿ ಕೇಳಿದ ಪ್ರಶ್ನೆ ದೆಹಲಿಯಲ್ಲೂ ಕೇಳುವ ಪ್ರಶ್ನೆಯೇ. ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗ ಬೆಳೆಯ ಖರ್ಚನ್ನು ಹಲವು ಬಗೆಯಲ್ಲಿ ಲೆಕ್ಕ ಹಾಕುತ್ತದೆ. ಕೈಯಿಂದ ಕೊಟ್ಟ ಖರ್ಚು ಮಾತ್ರ ಒಂದು, ಅದಕ್ಕೆ ಮನೆಯವರ ದುಡಿಮೆ ಸೇರಿಸಿದ್ದು ಇನ್ನೊಂದು, ಸ್ವಂತ ನೆಲದ ಬಾಡಿಗೆ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು ಮತ್ತೊಂದು. ಬೆಂಬಲ ಬೆಲೆ ಖರ್ಚಿನ ಒಂದೂವರೆ ಪಟ್ಟು ಅಂತ ಈಗ ಸರ್ಕಾರ ಅನ್ನುವುದು ಎರಡನೆಯ ಲೆಕ್ಕಕ್ಕೆ. ರೈತ ಸಂಘಟನೆಗಳು ಕೇಳುವುದು ಮೂರನೆಯದಕ್ಕೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಟಿವಿಯಲ್ಲಿ ಈ ಅಂಕಿ ಬಂದಾಗ ತನ್ನ ನೋಟ್‌ಬುಕ್ ತೆಗೆದು ಪಕ್ಕದಲ್ಲಿ ಇಟ್ಟು ನೋಡಬಲ್ಲ ಹದಿನೈದು ವರ್ಷದ ಮಗುವನ್ನು ಊಹಿಸಿಕೊಳ್ಳಿ. ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ದುಡಿಮೆಯಿಂದಲೇ ತೀರಿಸಿಕೊಳ್ಳುವುದು, ಅದನ್ನು ಹೇಗೆ ಬರೆಯುವುದು ಅನ್ನುವುದರ ಮೇಲೆ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಕೊನೆಗೆ ಮಕ್ಕಳೇ ತೀರ್ಮಾನಿಸಿದರು: ಅದನ್ನು ರೂಪಾಯಿಯಲ್ಲಿ ಬರೆಯಬಾರದು, ದಿನಗಳಲ್ಲಿ ಬರೆಯಬೇಕು, ತೀರಿಸಬೇಕಾದ ದಿನಗಳು ಅಂತ.

ಎಲ್ಲ ಮಕ್ಕಳ ಮನೆಯಲ್ಲೂ ಹೊಲ ಇರುವುದಿಲ್ಲ. ಇದನ್ನು ಮರೆತು ಕೃಷಿ ಪಾಠ ಮಾಡಿದರೆ ನೆಲವಿಲ್ಲದವರ ಮಗು ತರಗತಿಯಲ್ಲಿ ಇನ್ನಷ್ಟು ಮೂಲೆಗೆ ಸರಿಯುತ್ತದೆ. ಅಂಥ ಮಕ್ಕಳು ಹಾಲಿನ ಲೆಕ್ಕ ಬರೆದರು. ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಕೊಡುವ ಚೀಟಿಯಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, 3.5 ಮತ್ತು 8.5 ಅನ್ನುವ ಗಡಿಗಳು ಯಾಕೆ, ಹಿಂಡಿಯ ಬೆಲೆ ಏರಿದರೆ ಲೀಟರಿಗೆ ಉಳಿಯುವುದೆಷ್ಟು. ಹಸುವೂ ಇಲ್ಲದವರು ಕೂಲಿಯ ಲೆಕ್ಕ ಬರೆದರು: ವರ್ಷದಲ್ಲಿ ಯಾವ ತಿಂಗಳು ಎಷ್ಟು ದಿನ ಕೆಲಸ, ಯಾವ ಬೆಳೆಗೆ, ಗಂಡಾಳಿಗೆಷ್ಟು, ಹೆಣ್ಣಾಳಿಗೆಷ್ಟು. ಇಡೀ ಊರಿನ ಬೇಸಾಯ ನಿಜವಾಗಿ ಕಾಣಿಸಿದ್ದು ಆ ಪುಟಗಳಲ್ಲಿ.

ಒಂದು ಕಷ್ಟದ ಮಾತು ಹೇಳಲೇಬೇಕು. ಮೊದಲ ವರ್ಷ ನಾನು ಮಕ್ಕಳ ಕೈಗೆ ಗುದ್ದಲಿ ಕೊಟ್ಟಾಗ ಒಬ್ಬ ತಾಯಿ ಬಂದು ಗೇಟಿನ ಹತ್ತಿರ ನಿಂತರು. "ನಾವು ಮಣ್ಣು ಹೊತ್ತಿದ್ದು ಸಾಲ್ದಾ ಸಾ? ಓದ್ಲಿ ಅಂತ ಕಳ್ಸಿದ್ರೆ ಇಲ್ಲೂ ಗುದ್ಲಿ ಕೊಡ್ತೀರಲ್ಲ" ಅಂದರು. ನನಗೆ ಉತ್ತರ ಬರಲಿಲ್ಲ. ಆ ತಾಯಿಯ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಶಾಲೆಗಳಲ್ಲಿ ತೋಟದ ಕೆಲಸ ಎಷ್ಟೋ ಕಾಲ ಶಿಕ್ಷೆಯಾಗಿತ್ತು, ಹೋಂವರ್ಕ್ ಮಾಡದವರಿಗೆ ಗುಂಡಿ ತೆಗೆಯುವ ಕೆಲಸ. ಯಾರ ಮಕ್ಕಳಿಗೆ ಗುದ್ದಲಿ, ಯಾರ ಮಕ್ಕಳಿಗೆ ಹಾಜರಿ ಪುಸ್ತಕ, ಯಾರಿಗೆ ಕಸಬರಿಗೆ ಅನ್ನುವುದು ಜಾತಿ ನೋಡಿ, ಹೆಣ್ಣು ಗಂಡು ನೋಡಿ ತೀರ್ಮಾನವಾಗುತ್ತಿತ್ತು. ಹಿಂದಿನ ಇಷ್ಟೆಲ್ಲ ಯೋಜನೆಗಳು ನಿಲ್ಲದ್ದಕ್ಕೆ ನೀರಿಲ್ಲ, ಮೇಷ್ಟ್ರಿಲ್ಲ, ಪರೀಕ್ಷೆಯಲ್ಲಿ ಅಂಕವಿಲ್ಲ ಅನ್ನುವ ಕಾರಣಗಳ ಜೊತೆಗೆ ಇದೂ ಕಾರಣ. ಕೃಷಿ ಅಂದರೆ ಓದು ಬಾರದವರ ಪಾಠ ಅಂತ ನಾವೇ ಮಾಡಿಬಿಟ್ಟೆವು.

ಆ ತಾಯಿ ಬಂದುಹೋದ ಮೇಲೆ ನಮ್ಮ ಶಾಲೆಯಲ್ಲಿ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಶಿಕ್ಷೆಯಾಗಿ ಯಾರನ್ನೂ ಜಮೀನಿಗೆ ಕಳಿಸುವಂತಿಲ್ಲ. ಅಗೆತ ಇದ್ದರೆ ಮೇಷ್ಟ್ರೂ ಅಗೆಯಬೇಕು. ಸರದಿ ಹಾಜರಿ ಸಂಖ್ಯೆಯ ಪ್ರಕಾರ, ಬೇರೆ ಯಾವ ಲೆಕ್ಕವೂ ಇಲ್ಲ. ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗನೂ ಕಳೆ ಕೀಳುತ್ತಾನೆ, ಓದಿನಲ್ಲಿ ಹಿಂದಿರುವ ಹುಡುಗಿಯೂ ಮಳೆಮಾಪಕ ಓದುತ್ತಾಳೆ. ಬೆಳೆದದ್ದು ಮಕ್ಕಳದು: ಅರ್ಧ ಬಿಸಿಯೂಟಕ್ಕೆ, ಅರ್ಧ ಮಾರಿ ಬಂದ ಹಣ ತರಗತಿಯ ಪೆಟ್ಟಿಗೆಗೆ, ಅದರ ಖರ್ಚು ಅವರೇ ಕೂತು ತೀರ್ಮಾನಿಸುವುದು. ಮುಂದಿನ ವರ್ಷ ಆ ತಾಯಿ ಹುಚ್ಚೆಳ್ಳು ಬೀಜ ಕಳಿಸಿಕೊಟ್ಟರು. ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವೆ ಬಿಡುವ ಬೇರೆ ಬೆಳೆಯ ಸಾಲಿಗೆ, ಹಾಕಿ ಅಂತ.

ಅಮೆರಿಕದ ಒಂದು ಮಾತು ಇಲ್ಲಿ ಹೇಳಬೇಕು, ಯಾಕೆಂದರೆ ಹೈಸ್ಕೂಲಿನಲ್ಲಿ ಕೃಷಿಯನ್ನು ಅತಿ ದೊಡ್ಡದಾಗಿ ಕಲಿಸಿದ ದೇಶ ಅದು. 1908ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನಲ್ಲಿ ರೂಫಸ್ ಸ್ಟಿಮ್ಸನ್ ಅನ್ನುವ ಶಿಕ್ಷಕರು ಮಕ್ಕಳು ತಮ್ಮ ಮನೆಯ ಹೊಲದಲ್ಲೇ ಒಂದು ಬೆಳೆಯನ್ನೋ ದನವನ್ನೋ ನೋಡಿಕೊಂಡು ಲೆಕ್ಕ ಇಡುವ ಪದ್ಧತಿ ತಂದರು. 1917ರಲ್ಲಿ ಅಲ್ಲಿನ ಸ್ಮಿತ್-ಹ್ಯೂಸ್ ಕಾಯಿದೆ ವರ್ಷಕ್ಕೆ ಕನಿಷ್ಠ ಆರು ತಿಂಗಳು ಮೇಷ್ಟ್ರ ಕಣ್ಣಳತೆಯಲ್ಲಿ ಹೊಲದ ಅಭ್ಯಾಸ ಇರಲೇಬೇಕು ಅಂದಿತು. ಮೇಷ್ಟ್ರು ಮಕ್ಕಳ ಹೊಲಕ್ಕೆ ಹೋಗಿ ನೋಡುವುದು ಅವರ ಕೆಲಸದ ಭಾಗವಾಯಿತು. 1928ರಲ್ಲಿ ಕೃಷಿ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘ ಎಫ್‌ಎಫ್‌ಎ ಹುಟ್ಟಿತು. ಆದರೆ ಕರಿಯ ಮಕ್ಕಳಿಗೆ ಬೇರೆಯೇ ಸಂಘ ಇತ್ತು, 1965ರಲ್ಲಿ ಮಾತ್ರ ಎರಡೂ ಒಂದಾದವು. ಹೆಣ್ಣುಮಕ್ಕಳಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ಅವರಿಂದ ಆರು ತಿಂಗಳ ನಿಯಮವನ್ನು ತೆಗೆದುಕೊಳ್ಳೋಣ. ಯಾರನ್ನೂ ಹೊರಗಿಡದೆ ಶುರು ಮಾಡೋಣ.

ಮುಂಗಾರು ನಮ್ಮ ಶಾಲಾ ವರ್ಷಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ಇದನ್ನು ಯಾರೂ ಗಮನಿಸಿದ ಹಾಗೆ ಕಾಣೆ. ಜೂನ್‌ನಲ್ಲಿ ಶಾಲೆ ಶುರು, ಅಳತೆ, ಮಣ್ಣು, ಮೊಳಕೆ ಪರೀಕ್ಷೆ. ಜುಲೈನಲ್ಲಿ ರಾಗಿ ಬಿತ್ತನೆ, ಜೊತೆಗೆ ಅಕ್ಕಡಿಗೆ ಅವರೆ, ತೊಗರಿ, ಹುಚ್ಚೆಳ್ಳು. ಜಿಪಿಯು-28ರಂಥ ತಳಿಯಾದರೆ ನಾಲ್ಕು ತಿಂಗಳೊಳಗೆ ಕೊಯ್ಲು. ದಸರಾ ರಜೆಯಲ್ಲಿ ಸರದಿ ಹಾಕಿಕೊಂಡರೆ ಸಾಕು. ಡಿಸೆಂಬರ್ ಹೊತ್ತಿಗೆ ಒಕ್ಕಣೆ, ಲೆಕ್ಕ ಮುಗಿಸುವುದು. ಜನವರಿಯಿಂದ ಹತ್ತನೆಯವರು ಪರೀಕ್ಷೆಗೆ ಓದಿಕೊಳ್ಳಲಿ, ನೆಲ ಖಾಲಿ ಇರಲಿ, ಒಂದು ಮಾಗಿ ಉಳುಮೆ ಮಾಡಿ ಬಿಡಿ. ಬೇಸಿಗೆಯಲ್ಲಿ ಗಿಡ ಒಣಗಿತು ಅಂತ ಪ್ರತಿವರ್ಷ ಅಳುವ ಶಾಲೆಗಳು ಏಪ್ರಿಲ್ ತಿಂಗಳಲ್ಲಿ ಹೂದೋಟ ಉಳಿಸಿಕೊಳ್ಳಲು ಒದ್ದಾಡುತ್ತಿವೆ. ಬೋರ್‌ವೆಲ್ ಬೇಡ. ಬಿಸಿಯೂಟಕ್ಕೆ ಕೈ, ತಟ್ಟೆ ತೊಳೆದ ನೀರು ನಾಲ್ಕು ಸಾಲು ತರಕಾರಿಗೆ ಸಾಕಾಯಿತು ನಮಗೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ತಂದೆ ಕೇಳಿದರು: ಇದನ್ನು ಕಲಿತು ಮುಂದೆ ಏನಿದೆ ಮೇಷ್ಟ್ರೇ? ನೇರವಾಗಿ ಹೇಳಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ವಿಜ್ಞಾನ ಪಿಯುಸಿ ಮಾಡಿ ಸಿಇಟಿ ಬರೆದರೆ ನಾಲ್ಕು ವರ್ಷದ ಬಿಎಸ್ಸಿ ಕೃಷಿ. ಅಲ್ಲಿ ಕೃಷಿಕರ ಮಕ್ಕಳಿಗೆ ಮೊದಲು ಶೇ. 40 ಇದ್ದ ಸೀಟು ಶೇ. 50 ಆಗಿದೆ. ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಉಪಕರಣ ಗುರುತಿಸಬೇಕು. ನನ್ನ ಹಳೆಯ ವಿದ್ಯಾರ್ಥಿಗಳ ತಮ್ಮ ತಂಗಿಯರು ಪರೀಕ್ಷೆಗೆ ಎರಡು ದಿನ ಇರುವಾಗ ಬಂದು ಬೀಜದ ಪೊಟ್ಟಣ ಕೇಳಿದ್ದುಂಟು. ರೈತರ ಮನೆಯ ಮಗು ಹೆಸರು, ಉದ್ದು, ಹುರುಳಿಯನ್ನು ಪೊಟ್ಟಣದಲ್ಲಿಟ್ಟು ಬಾಯಿಪಾಠ ಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ತಪ್ಪು ಆ ಮಗುವಿನದಲ್ಲ. ಹತ್ತು ವರ್ಷ ನಾವು ಅದಕ್ಕೆ ಹೊಲದ ಕಡೆ ನೋಡಬೇಡ, ಪುಸ್ತಕ ನೋಡು ಅಂತ ಹೇಳಿದ್ದೇವೆ.

ಒಬ್ಬ ಶಿಕ್ಷಕಿ ಕೇಳಿದರು: ನನಗೆ ಕೃಷಿ ಗೊತ್ತಿಲ್ಲ, ಹೇಗೆ ಕಲಿಸಲಿ? ನನಗೂ ಗೊತ್ತಿರಲಿಲ್ಲ ಅಮ್ಮಾ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಎಲ್ಲಕ್ಕಿಂತ ಮೊದಲು ಶಾಲೆಯ ಹತ್ತಿರದ ಹೊಲದವರನ್ನು ಒಂದು ಪಿರಿಯಡ್ ಪಾಠಕ್ಕೆ ಕರೆಯಿರಿ. ಕುರ್ಚಿ ಕೊಟ್ಟು ಕೂರಿಸಿ, ಮಕ್ಕಳು ಎದ್ದು ನಮಸ್ಕಾರ ಹೇಳಲಿ. ನಮ್ಮ ಶಾಲೆಗೆ ಬೀಜ ಬಿತ್ತುವ ಕೂರಿಗೆ ಹಿಡಿಯುವುದು ತೋರಿಸಲು ಬಂದ ಹಿರಿಯರೊಬ್ಬರು ಅದಕ್ಕೂ ಮೊದಲು ಶಾಲೆಯ ಒಳಗೆ ಕಾಲಿಟ್ಟವರೇ ಅಲ್ಲ.

ಕೊನೆಯ ಪ್ರಶ್ನೆ ಒಂಬತ್ತನೇ ತರಗತಿಯ ಹುಡುಗಿಯದು. ನೀವು ನಿವೃತ್ತರಾದ ಮೇಲೆ ಆ ಗುಂಟೆ ಏನಾಯಿತು ಅಂತ ಕೇಳಿದಳು. ಹೇಳುತ್ತೇನೆ ಮಗಳೇ. ನಮ್ಮಲ್ಲಿ ಒಂದು ರೂಢಿ ಇತ್ತು. ಹತ್ತನೆಯವರು ಬೀಳ್ಕೊಡುಗೆಯ ದಿನ ತಾವು ಬೆಳೆದ ರಾಗಿಯಲ್ಲಿ ಒಳ್ಳೆಯ ತೆನೆ ಆರಿಸಿ, ಬಡಿದು, ಬೂದಿ ಬೆರೆಸಿ, ಪೊಟ್ಟಣ ಕಟ್ಟಿ ಒಂಬತ್ತನೆಯವರ ಕೈಗೆ ಕೊಡುತ್ತಿದ್ದರು, ಮೇಲೆ ಮೊಳಕೆಯ ಅಂಕಿ ಬರೆದು. ನಾನು ಬಿಟ್ಟುಬಂದ ಮರುವರ್ಷ ಜೂನ್‌ನಲ್ಲಿ ಸುಮ್ಮನೆ ಆ ಕಡೆ ಹೋಗಿದ್ದೆ. ಪೊಟ್ಟಣದ ಮೇಲೆ 91 ಅಂತ ಬರೆದಿತ್ತು. ಹೊಸ ತಂಡದವರು ವರಾಂಡದಲ್ಲಿ ಕೂತು, ಒದ್ದೆ ಗೋಣಿ ಹಾಸಿಕೊಂಡು, ನೂರು ಕಾಳು ಮತ್ತೆ ಎಣಿಸುತ್ತಿದ್ದರು.